ಒಳಗೆ ಬಿಟ್ಟ ಬಟ್ಟೆ

ಪರದೆಯ ಅಂಚಿಗೆ ಹಾಕುವ ಸೀಸದ ಸರವನ್ನು ಅವಳು ಗಂಡನ ಪ್ಯಾಂಟಿಗೆ ಹೊಲಿಯುತ್ತಿದ್ದಳು. ಸಾಸಿವೆಗಿಂತ ದೊಡ್ಡದು, ಬಟಾಣಿಗಿಂತ ಚಿಕ್ಕದು ಅನ್ನುವಂಥ ಗುಂಡುಗಳನ್ನು ತೆಳುಬಟ್ಟೆಯ ಕೊಳವೆಯಲ್ಲಿ ಸಾಲಾಗಿ ತುಂಬಿದ ಸರ ಅದು. ಪರದೆಯ ಕೆಳಮಡಿಕೆಯಲ್ಲಿ ಒಂದು ಎಳೆ ಓಡಿಸಿದರೆ ಎಂಥ ಹಗುರ ಬಟ್ಟೆಯೂ ಗಾಳಿಗೆ ಹಾರದೆ ನೆಟ್ಟಗೆ ಇಳಿದು ನಿಲ್ಲುತ್ತದೆ. ಎಷ್ಟೋ ಮನೆಗಳ ಕಿಟಕಿಗೆ ಅವಳು ಇದನ್ನು ಹಾಕಿದ್ದಳು. ಮನುಷ್ಯನಿಗೆ ಹಾಕುತ್ತಿದ್ದುದು ಇದೇ ಮೊದಲು.

ಸೊಂಟಪಟ್ಟಿಯೊಳಗೆ ಸುತ್ತು ಸುತ್ತಾಗಿ, ಕಾಲಿನ ಮಡಿಕೆಗಳಲ್ಲಿ, ಜೇಬಿನ ಅಸ್ತರಿನಲ್ಲಿ. ಹೊಲಿಗೆಯಂತ್ರದ ಸೂಜಿ ಗುಂಡುಗಳಿಗೆ ತಗಲಿ ಮುರಿಯದಂತೆ ಪಕ್ಕದಲ್ಲೇ ನಿಧಾನವಾಗಿ ಓಡಿಸಬೇಕಿತ್ತು.

ಬಟ್ಟೆಯ ಥಾನುಗಳ ಮೇಲೆ ಕೂತು ಚಹಾ ಕುಡಿಯುತ್ತಿದ್ದ ತಮ್ಮ ಅದನ್ನೇ ನೋಡುತ್ತಿದ್ದ. ಅವನು ಜೀವವಿಮೆಯ ಏಜೆಂಟ್.

"ಅಕ್ಕಾ, ಜಾಸ್ತಿ ತುಂಬಬೇಡ. ಭಾವ ಮೆಟ್ಟಿಲು ಹತ್ತೋಕಾಗದೆ ಅಲ್ಲೇ ಕೂತ್ಬಿಟ್ರೆ ನಾನು ಹೊತ್ಕೊಂಡು ಹೋಗ್ಬೇಕಾಗತ್ತೆ."

"ನೀನು ಹೊರೋದು ಅಷ್ಟರಲ್ಲೇ ಇದೆ," ಎಂದ ಗಂಡ ಒಳಗಿನಿಂದ. "ಚಹಾ ಲೋಟ ಎತ್ತೋಕೇ ನಿನಗೆ ಎರಡು ಕೈ ಬೇಕು."

"ನೋಡು, ನೋಡು. ಬಾಯಲ್ಲಿ ತೂಕ ಇನ್ನೂ ಕಮ್ಮಿ ಆಗಿಲ್ಲ."

ಹಾಗಂದವನು ತಕ್ಷಣ ಲೋಟದೊಳಗೆ ಕಣ್ಣಿಟ್ಟ. ಆ ಮನೆಯಲ್ಲಿ ಯಾರೂ ಆಡದ ಮಾತಿನ ಅಂಚಿಗೆ ಅವನ ಕಾಲು ತಗಲಿತ್ತು.

ಬೀದಿಯವರೆಲ್ಲ ಗಂಡನನ್ನು ಏಣಿ ಎಂದೇ ಕರೆಯುತ್ತಿದ್ದರು. ಅವನ ಎತ್ತರಕ್ಕೂ ಸರಿ, ಸದಾ ಹೆಗಲ ಮೇಲಿರುತ್ತಿದ್ದ ಅಲ್ಯುಮಿನಿಯಂ ಏಣಿಗೂ ಸರಿ. ಮನೆಮನೆಗೆ ಹೋಗಿ ಕಿಟಕಿ ಅಳೆಯುವುದು, ಗೋಡೆ ಕೊರೆದು ಸರಳು ಕೂರಿಸುವುದು, ಪರದೆ ತೂಗುಹಾಕುವುದು ಅವನ ಕೆಲಸ. ಹೊಲಿಯುವುದು ಅವಳ ಕೆಲಸ. ಸೂಜಿಯ ಹಿಂದೆ ದಾರ ಹೋದ ಹಾಗೆ ಬದುಕು ಸಾಗಿತ್ತು. ಕೆಲವು ತಿಂಗಳಿಂದ ಅವನು ಏಣಿಯ ನಡುವಿನ ಮೆಟ್ಟಿಲಲ್ಲಿ ನಿಂತುಬಿಡುತ್ತಿದ್ದ. ಜೇಬಿನಲ್ಲಿ ಮೊಳೆ ಹುಡುಕುವವನಂತೆ ಕೈಯಾಡಿಸುತ್ತಿದ್ದ. ಮೊಳೆ ಬಾಯಲ್ಲೇ ಇರುತ್ತಿತ್ತು.

ಮೊದಲ ಸಲ ಅವನೇ ಪ್ಯಾಂಟು ತಂದುಕೊಟ್ಟಿದ್ದ. "ಸ್ವಲ್ಪ ಸಡಿಲ ಆಗಿದೆ, ಸೊಂಟ ಹಿಡಿ," ಎಂದಿದ್ದ. ಬಿಸಿಲುಗಾಲ, ಓಡಾಟ ಜಾಸ್ತಿ ಎಂದುಕೊಂಡು ಅವಳು ಬೆನ್ನಿನ ಕಡೆಯ ಹೊಲಿಗೆ ಬಿಚ್ಚಿ ಒಂದು ಬೆರಳಷ್ಟು ಒಳಗೆ ಹಿಡಿದು ಹೊಲಿದಳು. ಎರಡನೆಯ ಸಲ ಅವನು ಕೇಳಲಿಲ್ಲ. ಒಗೆದು ಒಣಹಾಕಿದ್ದನ್ನು ಅವಳೇ ತೆಗೆದು, ಅವನು ಹೊರಗೆ ಹೋದಾಗ ಹಿಡಿದು, ಮಡಚಿಟ್ಟಳು. ಅವನು ಹಾಕಿಕೊಂಡ, ಏನೂ ಹೇಳಲಿಲ್ಲ. ಆಮೇಲೆ ಅದು ಇಬ್ಬರ ನಡುವಿನ ಒಂದು ರೂಢಿಯೇ ಆಯಿತು. ತಟ್ಟೆಯಲ್ಲಿ ಅರ್ಧ ಊಟ ಉಳಿಯುತ್ತಿತ್ತು. ಅವಳು ನೋಡದವಳಂತೆ ಎತ್ತುತ್ತಿದ್ದಳು. ಹೊಟ್ಟೆಗೆ ಅಂಗೈ ಒತ್ತಿಕೊಂಡು ಗೋಡೆಗೆ ಒರಗಿದ್ದವನು, ಅವಳು ಬಂದರೆ ಬೆನ್ನು ನೆಟ್ಟಗೆ ಮಾಡುತ್ತಿದ್ದ. ಮಗಳ ಎದುರಿಗಂತೂ ಇಬ್ಬರೂ ಏನೂ ಆಗಿಲ್ಲವೆಂಬಂತೆ ಜಗಳವಾಡುತ್ತಿದ್ದರು.

ಒಮ್ಮೆ ಮಾತ್ರ ಅವಳು ಬಾಯಿಬಿಟ್ಟು ಕೇಳಿದ್ದಳು.

"ಆಸ್ಪತ್ರೆಗೆ ಹೋಗೋಣ್ವಾ?"

ಅವನು ಅಳತೆಟೇಪು ಸುತ್ತುತ್ತಿದ್ದ. ಪೂರ್ತಿ ಸುತ್ತಿ ಮುಗಿಸಿ ಹೇಳಿದ. "ಹೋದ್ರೆ ಬರ್ಕೋತಾರೆ. ಬರ್ಕೊಂಡ ಮೇಲೆ ಯಾವ ವಿಮೆ ಕಂಪನೀನೂ ನನ್ನ ಮೂಸೋದಿಲ್ಲ. ಮೊದ್ಲು ಪಾಲಿಸಿ ಆಗ್ಲಿ."

"ಪಾಲಿಸಿ ಆದ್ಮೇಲೆ ಹೋಗೋಣ್ವಾ?"

"ಆಗ್ಲೂ ಬೇಡ. ಕೆಲವು ವರ್ಷ ದಾಟಿದ ಮೇಲೆ ಅವ್ರು ಹಳೇದನ್ನ ಕೆದಕಲ್ವಂತೆ. ಅಲ್ಲೀವರೆಗೆ ಎಲ್ಲೂ ನನ್ನ ಹೆಸರಲ್ಲಿ ಕಾಯಿಲೆ ಇರಬಾರ್ದು. ನಿನ್ನ ತಮ್ಮನ್ನ ಕೇಳು."

ಕೇಳಿದ್ದಕ್ಕೆ ಅವಳ ತಮ್ಮ ಎರಡೂ ಕಿವಿ ಮುಚ್ಚಿಕೊಂಡಿದ್ದ. "ಕಾಯಿಲೆ ಅಂದ್ರಾ? ನನಗೇನೂ ಕೇಳಿಸ್ಲಿಲ್ಲಪ್ಪ. ಏಜೆಂಟನ ಕಿವಿ ಮಧ್ಯಾಹ್ನದ ಮೇಲೆ ಕೆಲಸ ಮಾಡಲ್ಲ."

ಮಗಳು ಇನ್ನೂ ಚಿಕ್ಕವಳು. ಏಣಿ ಹತ್ತುವವನು ಇಲ್ಲದಿದ್ದರೆ ಹೊಲಿದ ಪರದೆ ಥಾನಿನಂತೆಯೇ ಮನೆಯಲ್ಲಿ ಬಿದ್ದಿರುತ್ತದೆ. ತಾನು ಹೋದ ಮೇಲೆ ಇವರ ಕೈಗೆ ಏನಾದರೂ ಸೇರಬೇಕು ಎಂಬುದೊಂದೇ ಅವನ ತಲೆಯಲ್ಲಿತ್ತು. ಅದಕ್ಕಾಗಿ ಅವನು ಒಂದು ಗುಳಿಗೆಯನ್ನೂ ನುಂಗದೆ, ಯಾರಿಗೂ ತೋರಿಸದೆ, ಆ ವರ್ಷಗಳನ್ನು ಕಚ್ಚಿಕೊಂಡು ದಾಟುವವನಿದ್ದ. ದಾಟುವಷ್ಟು ಉಸಿರು ಅವನಲ್ಲಿದೆಯೇ ಎಂದು ಅವಳು ಕೇಳಲಿಲ್ಲ. ಇದು ಪ್ರೀತಿಯೋ ಆತ್ಮಹತ್ಯೆಯೋ ಅವಳಿಗೆ ತಿಳಿಯುತ್ತಿರಲಿಲ್ಲ. ಎರಡಕ್ಕೂ ತಾನೇ ಸೂಜಿ ಪೋಣಿಸಿಕೊಡುತ್ತಿದ್ದೇನೆ ಎಂಬುದು ಮಾತ್ರ ಗೊತ್ತಿತ್ತು.

ಪಾಲಿಸಿಗೆ ಮುಂಚೆ ಕಂಪನಿಯ ವೈದ್ಯರು ದೇಹ ಪರೀಕ್ಷೆ ಮಾಡಬೇಕು. ಎತ್ತರಕ್ಕೆ ತಕ್ಕ ತೂಕವಿಲ್ಲದಿದ್ದರೆ ಅಲ್ಲೇ ಅನುಮಾನ ಶುರು ಎಂದು ತಮ್ಮ ಹೇಳಿದ್ದ. ಸೀಸದ ಯೋಚನೆ ಹುಟ್ಟಿದ್ದು ಹಾಗೆ. ಆದರೆ ಸೀಸ ಸೇರಿದ ಮೇಲೆ ಪ್ಯಾಂಟು ಭಾರಕ್ಕೆ ಜಾರತೊಡಗಿತು. ಇನ್ನೊಮ್ಮೆ ಸೊಂಟ ಹಿಡಿಯಬೇಕಾಯಿತು.

ಹಿಡಿದು ಉಳಿದ ಬಟ್ಟೆಯನ್ನು ಅವಳು ಕತ್ತರಿಸಲಿಲ್ಲ. ಯಾವ ಸಲವೂ ಕತ್ತರಿಸಿರಲಿಲ್ಲ. ಕೆಲಸ ಕಲಿಸಿದ ಅವಳ ಅಮ್ಮ ಹೇಳುತ್ತಿದ್ದುದು ಅದೊಂದನ್ನೇ: ಕತ್ತರಿಸಿದ ಬಟ್ಟೆ ಬೆಳೆಯೋದಿಲ್ಲ ಕಣೇ, ಒಳಗೆ ಬಿಡು. ಪರದೆ ಒಗೆದಾಗ ಗಿಡ್ಡವಾಗಬಹುದು. ಜನ ಎತ್ತರದ ಕಿಟಕಿಯಿರುವ ಮನೆಗೆ ಹೋಗಬಹುದು. ಒಳಗೆ ಬಿಟ್ಟಿದ್ದರೆ ಬಿಚ್ಚಿ ಇಳಿಸಬಹುದು. ಹಾಗಾಗಿ ಅವಳು ಹೊಲಿದ ಎಲ್ಲದರ ಒಳಗೂ ನಾಳೆಗೆಂದು ಒಂದಿಷ್ಟು ಬಟ್ಟೆ ಉಳಿದಿರುತ್ತಿತ್ತು. ಗಂಡನ ಪ್ಯಾಂಟಿನ ಬೆನ್ನಹೊಲಿಗೆಯೊಳಗೂ ಅದು ಮಡಿಕೆಯ ಮೇಲೆ ಮಡಿಕೆಯಾಗಿ ಕೂತಿತ್ತು.

ವೈದ್ಯರ ಕೋಣೆ ಸೈಕಲ್ ಅಂಗಡಿಯೊಂದರ ಮೇಲಿತ್ತು. ಕೆಳಗೆ ಚಕ್ರಕ್ಕೆ ಗಾಳಿ ಹೊಡೆಯುವ ಸದ್ದು, ರಬ್ಬರಿನ ವಾಸನೆ. ಮೆಟ್ಟಿಲ ತಿರುವಿನಲ್ಲಿ ಅವನು ನಿಂತ. ಗೋಡೆಯ ಮೇಲೆ ಮನುಷ್ಯನ ಒಳಗಿನ ಭಾಗಗಳ ಚಿತ್ರವಿತ್ತು. ಅದನ್ನೇ ಓದುವವನಂತೆ ಬಹಳ ಹೊತ್ತು ನೋಡಿದ. ಅವಳೂ ನೋಡಿದಳು.

"ಇವನ ಕರುಳು ಎಷ್ಟುದ್ದ ನೋಡು," ಎಂದ, ಉಸಿರು ಸಿಕ್ಕ ಮೇಲೆ. "ಒಂದು ಬಾಗಿಲಿಗೆ ಪರದೆ ಆಗತ್ತೆ."

"ಸುಮ್ನೆ ಬನ್ನಿ."

ಒಳಗೆ ನರ್ಸ್ ಅವಳನ್ನು ಪರದೆಯ ಈಚೆ ಬೆಂಚಿನ ಮೇಲೆ ಕೂರಿಸಿದಳು. ಹಸಿರು ಪರದೆ. ಕೆಳ ಅಂಚು ಸೊಟ್ಟಗಿತ್ತು, ಯಾರೋ ಅವಸರದಲ್ಲಿ ಹೊಲಿದದ್ದು. ಒಳಗೆ ಸೀಸವಿರಲಿಲ್ಲ. ಫ್ಯಾನಿನ ಗಾಳಿಗೆ ಅದು ಹಾರಿ ಹಾರಿ ಪಕ್ಕಕ್ಕೆ ಸರಿಯುತ್ತಿತ್ತು. ಸರಿದಾಗಲೆಲ್ಲ ಅವಳಿಗೆ ಒಳಗಿನದು ಕಾಣುತ್ತಿತ್ತು.

ಅವನು ತೂಕದ ಯಂತ್ರದ ಮೇಲೆ ನಿಂತ. ಮುಳ್ಳು ಓಡಿ, ನಡುಗಿ, ನಿಂತಿತು. ನರ್ಸ್ ಅಂಕಿ ಹೇಳಿದಳು. ವೈದ್ಯರು ತಲೆಯೆತ್ತದೆ ಬರೆದುಕೊಂಡರು. ಅವಳು ಉಸಿರು ಬಿಟ್ಟಳು.

"ಶರ್ಟು ತೆಗೀರಿ."

ಪರದೆ ಮತ್ತೆ ಹಾರಿತು. ಮನೆಯಲ್ಲಿ ಅವನು ಬಾಗಿಲು ಹಾಕಿಕೊಂಡು ಬಟ್ಟೆ ಬದಲಿಸತೊಡಗಿ ಬಹಳ ಕಾಲವಾಗಿತ್ತು. ಅವನ ಸೊಂಟದ ಅಳತೆ ಅವಳಿಗೆ ಬೆರಳ ತುದಿಯಲ್ಲಿತ್ತು. ಆದರೆ ಅಳತೆಯೇ ಬೇರೆ, ಮೈಯೇ ಬೇರೆ. ಪಕ್ಕೆಲುಬುಗಳು ಒಂದೊಂದಾಗಿ ನಿಂತಿದ್ದವು. ಹೆಗಲ ಮೂಳೆಯ ಹಿಂದೆ ಒಂದು ಗುಳಿ. ಅಲ್ಲಿ ನೀರು ಸುರಿದರೆ ನಿಲ್ಲುತ್ತದೆ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

ವೈದ್ಯರು ಎದೆಗೆ ಟೇಪು ಸುತ್ತಿದರು. "ಉಸಿರು ಎಳ್ಕೊಳ್ಳಿ. ಹಿಡೀರಿ. ಬಿಡಿ." ಟೇಪು ನೋಡಿದರು, ಎದೆ ನೋಡಿದರು. ಮೇಜಿಗೆ ಹೋಗಿ ತಾವು ಬರೆದ ತೂಕವನ್ನು ಇನ್ನೊಮ್ಮೆ ನೋಡಿದರು. ವಯಸ್ಸಾದ, ಸುಸ್ತಾದ ಮನುಷ್ಯ. ಕನ್ನಡಕವನ್ನು ಹಣೆಗೇರಿಸಿ ಕಣ್ಣು ಒತ್ತಿಕೊಂಡರು.

"ಮಲಗಿ. ಹೃದಯದ್ದೊಂದು ಪರೀಕ್ಷೆ ಇದೆ."

ನರ್ಸ್ ಕಾಲಿಗೆ ತಂತಿ ಹಚ್ಚಬೇಕಿತ್ತು. ಪ್ಯಾಂಟಿನ ಅಂಚು ಮೇಲಕ್ಕೆ ಸರಿಸಿದಳು. ಅದು ಇಳಿಯಿತು. ಮತ್ತೆ ಸರಿಸಿ, ಸುತ್ತಿ, ಕೈಬಿಟ್ಟಳು. ಸುತ್ತು ತಾನಾಗಿ ಬಿಚ್ಚಿಕೊಂಡು ನೆಟ್ಟಗೆ ಇಳಿಯಿತು. ಒಳ್ಳೆಯ ಪರದೆ ಇಳಿಯುವ ಹಾಗೆ, ಒಂದು ಸುಕ್ಕಿಲ್ಲದೆ.

"ಇದೇನಪ್ಪ, ನಿಮ್ಮ ಪ್ಯಾಂಟಿಗೆ ನನ್ನ ಮೇಲೆ ಸಿಟ್ಟಾ?"

ಅವನು ನಗಲು ನೋಡಿದ. ವೈದ್ಯರು ಬಂದು ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒಂದೊಂದೇ ಗುಂಡು ಮುಟ್ಟುತ್ತ ಹೋದರು.

"ಪರದೆ ಕೆಲಸ ಸಾರ್ ನಮ್ದು," ಎಂದ ಅವನು. "ಅಭ್ಯಾಸಬಲ."

"ಎದ್ದು ಕೂತ್ಕೊಳ್ಳಿ."

ತಾನಾಗಿ ಏಳಲು ಅವನಿಗೆ ಆಗಲಿಲ್ಲ. ವೈದ್ಯರು ಬೆನ್ನ ಹಿಂದೆ ಕೈ ಕೊಟ್ಟು ಎಬ್ಬಿಸಿದರು. ಆ ಕೈ ಸೊಂಟದ ಹಿಂದೆ ನಿಂತಿತು. ಏನನ್ನೋ ಒತ್ತಿ ನೋಡಿತು. ಅಲ್ಲಿ ಸೀಸವಿರಲಿಲ್ಲ, ಗಟ್ಟಿಯಾದ ಬಟ್ಟೆಯಿತ್ತು.

"ಹೊರಗಿರೋದು ನಿಮ್ಮ ಹೆಂಡತೀನಾ? ಒಳಗೆ ಬರೋಕೆ ಹೇಳಿ."

ಅವಳು ಹೋಗಿ ನಿಂತಳು. ಗಂಡ ಅವಳನ್ನು ನೋಡಲಿಲ್ಲ. ವೈದ್ಯರು ಬೆನ್ನಹೊಲಿಗೆಯ ಒಳಭಾಗವನ್ನು ಹೊರಕ್ಕೆ ತಿರುವಿ ಹಿಡಿದಿದ್ದರು.

"ಇದು ನೀವು ಹೊಲಿದಿದ್ದಾ?"

"ಹೌದು."

"ಇಷ್ಟು ಬಟ್ಟೆ ಯಾಕೆ ಒಳಗೆ ಬಿಟ್ಟಿದೀರಿ? ಕತ್ತರಿಸಬಹುದಿತ್ತಲ್ಲ?"

ಸುಳ್ಳು ಹೇಳಬಹುದಿತ್ತು. ದಾರಿಯುದ್ದಕ್ಕೂ ಅವಳು ಎಷ್ಟೋ ಸುಳ್ಳುಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಆದರೆ ಈ ಪ್ರಶ್ನೆಗೆ ಯಾವುದೂ ಸಿದ್ಧವಿರಲಿಲ್ಲ.

"ಮತ್ತೆ ಮೈ ತುಂಬ್ಕೊಂಡಾಗ ಬಿಚ್ಚೋಕೆ ಬೇಕಲ್ಲ ಅಂತ."

ವೈದ್ಯರು ಬಟ್ಟೆಯನ್ನು ಬೆಳಕಿಗೆ ಹಿಡಿದರು. ಹಳೆಯ ಹೊಲಿಗೆಗಳು ಹಾದುಹೋಗಿದ್ದ ಕಡೆ ಸೂಜಿಯ ತೂತುಗಳು ಸಾಲು ಸಾಲಾಗಿ ಉಳಿದಿದ್ದವು. ಒಂದು ಸಾಲು, ಅದರಿಂದ ಒಳಗೆ ಇನ್ನೊಂದು, ಅದರಿಂದಲೂ ಒಳಗೆ ಮತ್ತೊಂದು. ಅವರ ಬೆರಳು ಸಾಲಿನಿಂದ ಸಾಲಿಗೆ ಹೋಯಿತು. ಇಬ್ಬರೂ ಬಾಯಿಬಿಡದೆ ಕಳೆದ ದಿನಗಳೆಲ್ಲ ಅಲ್ಲಿ ಬೆಳಕು ಬಿಟ್ಟುಕೊಂಡು ಕೂತಿದ್ದವು.

"ಕೇಳಿ," ಎಂದರು ವೈದ್ಯರು, ಬಟ್ಟೆ ಕೈಬಿಟ್ಟು. "ಸಹಿ ನನ್ನಿಂದ ಆಗಲ್ಲ. ಇವತ್ತು ನೀವು ಇಲ್ಲಿಗೆ ಬಂದೇ ಇಲ್ಲ ಅಂದ್ಕೋತೀನಿ, ಈ ಹಾಳೆ ಹರೀತೀನಿ. ಅಷ್ಟು ಮಾಡಬಲ್ಲೆ. ಇಲ್ಲಿಂದ ನೇರ ದೊಡ್ಡಾಸ್ಪತ್ರೆಗೆ ಹೋಗಿ."

"ಹೋದ್ರೆ ವಾಸಿ ಆಗತ್ತಾ ಸಾರ್?" ಎಂದ ಅವನು.

"ನೋಡದೆ ಹೇಳೋಕಾಗಲ್ಲ."

"ಹೋಗದಿದ್ರೆ?"

ವೈದ್ಯರು ಕನ್ನಡಕ ಕೆಳಗಿಳಿಸಿ ಅವನನ್ನು ನೋಡಿದರು. "ಅದನ್ನ ನೋಡದೇನೂ ಹೇಳಬಹುದು."

ತಮ್ಮ ಸೈಕಲ್ ಅಂಗಡಿಯ ಎದುರು ಕಾಯುತ್ತಿದ್ದ. ಅವರ ಮುಖ ನೋಡಿದೊಡನೆ ಅವನಿಗೆ ಗೊತ್ತಾಯಿತು. ಪೂರ್ತಿ ಕೇಳಿಸಿಕೊಂಡು, ಗಾಳಿ ಹೊಡೆಯುವ ಸದ್ದು ನಿಲ್ಲುವವರೆಗೆ ಕಾದು ಹೇಳಿದ. "ಹೋಗ್ಲಿ ಬಿಡಿ. ಊರಿಗೆಲ್ಲ ಒಬ್ರೇ ಡಾಕ್ಟ್ರಾ? ರೈಲ್ವೆ ಗೇಟಿನ ಹತ್ರ ಒಬ್ರಿದಾರೆ. ಕೂತಲ್ಲಿಂದ ಏಳಲ್ಲ. ಬಾಗಿಲಲ್ಲಿ ನೆರಳು ಬಿದ್ರೆ ಸಾಕು, ಆರೋಗ್ಯವಂತ ಅಂತ ಸಹಿ ಹಾಕ್ತಾರೆ. ತೂಕ ಒಂದು ಸರಿ ಇದ್ರಾಯ್ತು. ನಾಳೆ ಬೆಳಿಗ್ಗೆ ಹೋಗೋಣ. ಆ ಹೊಲಿಗೆ ಒಂದನ್ನ ಸರಿ ಮಾಡಿಕೊಡು ಅಕ್ಕ."

"ಇವ್ರಿಗೆ ಏನಾಗಿದೆ ಅಂತ ನಿನಗೆ ಗೊತ್ತಿಲ್ವೇನೋ?"

ಅವಳು ತಮ್ಮನ ಕೈಗಳನ್ನೇ ನೋಡುತ್ತಿದ್ದಳು. ಈಗ ಕಿವಿಗೆ ಹೋಗುತ್ತವೆ ಎಂದುಕೊಂಡಳು. ಹೋಗಲಿಲ್ಲ.

"ಗೊತ್ತಿದೆ ಅಕ್ಕ. ಅದಕ್ಕೇ ಓಡಾಡ್ತಿರೋದು."

ಮೂವರೂ ಅಲ್ಲಿಂದ ಹೊರಟರು. ದಾರಿಯುದ್ದಕ್ಕೂ ಗಂಡನ ಪ್ಯಾಂಟಿನ ಅಂಚು ಚಪ್ಪಲಿಗೆ ತಗಲಿ ಟಕ್ ಟಕ್ ಎನ್ನುತ್ತಿತ್ತು.

ಮನೆಗೆ ಬಂದು ಅವನು ಪೈಜಾಮ ಹಾಕಿಕೊಂಡು ಪ್ಯಾಂಟನ್ನು ಅವಳ ಯಂತ್ರದ ಮೇಲಿಟ್ಟ. ಮರದ ಹಲಗೆ ಸಣ್ಣಗೆ ಸದ್ದು ಮಾಡಿತು.

"ಒಳಗಿರೋ ಬಟ್ಟೆ ಕತ್ತರಿಸಿಬಿಡು. ತೂತುಗಳೂ ಅದರ ಜೊತೇಲೇ ಹೋಗ್ತವೆ. ಕಾಲಿನ ಸೀಸ ತೆಗೆದು ಸೊಂಟಕ್ಕೇ ಸೇರಿಸು."

"ಕತ್ತರಿಸಿದ್ರೆ ಮತ್ತೆ ಬಿಚ್ಚೋಕಾಗಲ್ಲ."

ಅವನು ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತಿದ್ದ. ಎಷ್ಟೋ ಚೌಕಟ್ಟುಗಳನ್ನು ಅಳೆದ ಕೈ.

"ಬಿಚ್ಚೋ ಕೆಲಸ ಬರಲ್ಲ ಕಣೆ," ಎಂದ, ಬಹಳ ಮೆತ್ತಗೆ.

ಆ ಮಾತನ್ನು ಅವನು ಮೊದಲ ಸಲ ಆಡಿದ್ದ. ಆಡಿ, ಒಳಗೆ ಹೋಗಿ ಮಲಗಿದ.

ಅವಳು ಕತ್ತರಿ ಎತ್ತಿಕೊಂಡಳು. ಪ್ಯಾಂಟಿನ ಒಳಭಾಗವನ್ನು ತಿರುವಿ ಮಡಿಕೆಯನ್ನು ಎರಡು ಅಲಗುಗಳ ನಡುವೆ ಇಟ್ಟಳು. ಅಷ್ಟೊಂದು ಪದರಗಳು, ಒಂದೇ ಸಲಕ್ಕೆ ಕತ್ತರಿಸಲು ಆಗುವುದಿಲ್ಲ, ಜಗಿದಂತೆ ಕತ್ತರಿಸಬೇಕು. ಕತ್ತರಿಸಿದರೆ ನಾಳೆ ಸಹಿ ಸಿಗುತ್ತದೆ. ಆಮೇಲೆ ಅವನು ನೋವು ನುಂಗಿಕೊಂಡು ಏಣಿಯ ನಡುವೆ ನಿಲ್ಲುತ್ತ ಹೋಗುತ್ತಾನೆ. ತಾನು ಸೊಂಟ ಹಿಡಿಯುತ್ತ ಹೋಗಬೇಕು. ಒಂದು ದಿನ ಹಿಡಿಯಲು ಸೊಂಟವೇ ಇರುವುದಿಲ್ಲ, ಕೈಗೆ ಹಣ ಬರುತ್ತದೆ. ಬರದೆಯೂ ಇರಬಹುದು. ಕತ್ತರಿಸದಿದ್ದರೆ? ಆಸ್ಪತ್ರೆಯವರು ಈಗಲೇ ಬಹಳ ತಡವಾಯಿತು ಎನ್ನಬಹುದು. ಆಗ ಅವನೂ ಇಲ್ಲ, ಹಣವೂ ಇಲ್ಲ. ಮಗಳು ದೊಡ್ಡವಳಾಗಿ, ಅಪ್ಪ ಕೊಡಲು ಹೊರಟಿದ್ದನ್ನು ನೀನು ಯಾಕೆ ತಡೆದೆ ಎಂದು ಕೇಳಿದರೆ ಏನು ಹೇಳುವುದು? ಏಣಿ ಹಾಕಿದರೂ ಎಟುಕದ ಪ್ರಶ್ನೆ ಅದು.

ಎಷ್ಟು ಹೊತ್ತು ಹಾಗೆ ಕೂತಿದ್ದಳೋ. ಕತ್ತರಿ ಕೆಳಗಿಟ್ಟು ಬ್ಲೇಡು ತೆಗೆದುಕೊಂಡಾಗ ತಾನು ತೀರ್ಮಾನ ಮಾಡಿದ್ದೇನೆ ಎಂದೂ ಅವಳಿಗೆ ಅನ್ನಿಸಲಿಲ್ಲ. ಬ್ಲೇಡಿನ ಮೂಲೆಯನ್ನು ದಾರದಡಿ ತೂರಿಸಿ ಎಳೆದಳು. ಕೊನೆಯ ಹೊಲಿಗೆ ಬಿಚ್ಚಿತು. ಮಡಿಕೆಯೊಳಗೆ ಸಿಕ್ಕಿಕೊಂಡಿದ್ದ ಅದರ ಹಿಂದಿನ ಎಳೆಗಳನ್ನೂ ಕಿತ್ತಳು. ಒಂದೊಂದು ಎಳೆ ಹೋದಾಗಲೂ ಬಟ್ಟೆ ಒಂದೊಂದು ಬೆರಳು ಅಗಲವಾಗುತ್ತ ಬಂತು. ಸೀಸದ ಸರಗಳನ್ನು ಎಳೆದು ಡಬ್ಬಿಯೊಳಗೆ ಸುರುಳಿ ಸುತ್ತಿಟ್ಟಳು. ಮೊದಲು ಅವನಿಗೆಂದು ಅಳೆದಿದ್ದ ಅಳತೆಗೆ ಬೆನ್ನಹೊಲಿಗೆ ಹಾಕಿ, ದಾರ ಕಡಿದಳು.

"ಏಳಿ. ಇದನ್ನ ಹಾಕ್ಕೊಳ್ಳಿ."

ಅವನು ಎದ್ದು ಬಂದು ಬಟ್ಟೆಯನ್ನು ತಿರುಗಿಸಿ ನೋಡಿದ. ಭಾರವಿಲ್ಲದ್ದು ಕೈಗೇ ತಿಳಿಯಿತು. "ಏನೇ ಮಾಡ್ದೆ ಇದು?"

"ಹಾಕ್ಕೊಳ್ಳಿ ಅಂದೆ."

ಅವಳ ದನಿ ಕೇಳಿ ಅವನು ಎದುರಾಡಲಿಲ್ಲ. ಹಾಕಿಕೊಂಡು ಗುಂಡಿ ಹಾಕಿದ. ಕೈಬಿಟ್ಟ ಕೂಡಲೇ ಪ್ಯಾಂಟು ಜಾರಿತು. ಹಿಡಿದುಕೊಂಡ. ಬೆಲ್ಟು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅದರ ಕೊನೆಯ ತೂತು ಎಂದೋ ಸಾಲದಾಗಿತ್ತು. ಸೊಂಟಪಟ್ಟಿ ಮೈಯಿಂದ ದೂರ ನಿಂತಿತ್ತು. ಒಳಗೆ ಇನ್ನೊಬ್ಬ ಮನುಷ್ಯ ನಿಲ್ಲುವಷ್ಟು ಜಾಗ.

ಆಗ ಮಗಳು ಶಾಲೆಯಿಂದ ಬಂದಳು. ಚೀಲ ಇಳಿಸುತ್ತಿದ್ದವಳು ಹಾಗೇ ನಿಂತಳು.

"ಅದು ಯಾರ ಪ್ಯಾಂಟು ಅಪ್ಪಾ?"

ಅವನು ಕೆಳಗೆ ನೋಡಿಕೊಂಡ. ಬಟ್ಟೆ ನೋಡಿದ, ಅದನ್ನು ಹಿಡಿದಿದ್ದ ತನ್ನ ಮುಷ್ಟಿ ನೋಡಿದ. ಮುಷ್ಟಿಯೊಳಗೆ ಎಷ್ಟು ಬಟ್ಟೆ ತುಂಬಿದೆ ಎಂದು ಬೆರಳುಗಳಿಂದಲೇ ಅಳೆಯುತ್ತಿದ್ದ.

"ನಂದೇ ಕಣಮ್ಮ," ಎಂದ.

ಮಗಳು ನಗಲಿಲ್ಲ. ಅವನ ಮುಖ ನೋಡಿ, ಆಮೇಲೆ ಅಮ್ಮನ ಮುಖ ನೋಡಿ, ಚೀಲವನ್ನು ಎದೆಗೆ ಅವಚಿಕೊಂಡಳು. ಅವನು ಗೋಡೆಗೆ ಒರಗಿ ನಿಧಾನವಾಗಿ ಕುಸಿದು ಕೂತ. ಆದರೂ ಮುಷ್ಟಿ ಸಡಿಲಿಸಲಿಲ್ಲ.

"ಇನ್ಮೇಲೆ ಪಾಲಿಸಿ ಯಾವತ್ತೂ ಆಗಲ್ಲ," ಎಂದ ಹೆಂಡತಿಗೆ. "ಗೊತ್ತಲ್ಲ ನಿನಗೆ?"

"ಗೊತ್ತು."

"ಮತ್ತೆ ನಿಮಗೆ ಏನು ಗತಿ?"

ಮೇಜಿನ ಮೇಲೆ ಫೋನು ಬಡಿದುಕೊಳ್ಳತೊಡಗಿತು. ತಮ್ಮ ಇರಬೇಕು, ಹೊಲಿಗೆ ಸರಿಯಾಯಿತೇ ಎಂದು ಕೇಳಲು. ಅದು ಬಡಿದು ಬಡಿದು ತಾನೇ ನಿಂತಿತು. ಅವಳು ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದು, ಅವನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಎಬ್ಬಿಸಲು ಹೆಚ್ಚು ಬಲ ಬೇಕಾಗಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು.

ದೊಡ್ಡಾಸ್ಪತ್ರೆಯ ಸಾಲು ಬಾಗಿಲಿನಿಂದ ಹೊರಗೆ ಬಂದಿತ್ತು. ಅವನು ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ಸೊಂಟ ಹಿಡಿದು ಹೆಜ್ಜೆ ಹೆಜ್ಜೆಗೆ ಮುಂದೆ ಸರಿದ. ಹಿಂದಿದ್ದವರು ಯಾರೋ ನೋಡಿ ಕಣ್ಣು ತಿರುಗಿಸಿದರು. ಗಾಜಿನ ಕಿಂಡಿಯ ಹಿಂದೆ ಕೂತಿದ್ದವಳು ಹೆಸರು ಕೇಳಿದಳು, ವಯಸ್ಸು ಕೇಳಿದಳು. ಅವನು ಹೇಳಿದ. ಕಿಂಡಿಯವಳು ಬರೆದುಕೊಂಡಳು.

"ಯಾವಾಗಿಂದ ಹೀಗಾಗಿದೆ?"

ಅವನು ಬಟ್ಟೆ ತುಂಬಿದ ಮುಷ್ಟಿಯನ್ನು ಹಾಗೇ ಹೊಟ್ಟೆಗೆ ಒತ್ತಿಕೊಂಡು, ಹೆಂಡತಿಯ ಕಡೆ ತಿರುಗಿದ. ಈ ಸಲ ಬೆನ್ನು ನೆಟ್ಟಗೆ ಮಾಡಲಿಲ್ಲ.

ಅವಳು ಕಿಂಡಿಗೆ ಬಾಗಿ, ಅವನು "ಸೊಂಟ ಹಿಡಿ" ಎಂದು ಪ್ಯಾಂಟು ತಂದುಕೊಟ್ಟ ದಿನದಿಂದ ಹೇಳತೊಡಗಿದಳು.